ಇಪ್ಪತ್ತರ ತಿರುವಿಗೆ ಇನ್ನೂರರ ಕಾರು

ಮಂಡಿಯ ಲೆಕ್ಕ ಚುಕ್ತಾ ಆಗಿ ಕೈಯಲ್ಲಿ ನಾಲ್ಕು ಕಾಸು ಉಳಿದ ವರ್ಷ ಮಲೆನಾಡಿನ ಅಡಿಕೆ ಬೆಳೆಗಾರನ ಮನೆಯಲ್ಲಿ ಒಂದು ಕಾಲಕ್ಕೆ ಮಾಡಿನ ಹೆಂಚು ಬದಲಿಸುವ ಮಾತು ಬರುತ್ತಿತ್ತು. ಇಲ್ಲವೇ ತೋಟದ ಬಸಿಗಾಲುವೆಯ ಹೂಳೆತ್ತಿಸುವ ಮಾತು. ಈಚಿನ ವರ್ಷಗಳಲ್ಲಿ ಅಂಥ ಮನೆಗಳ ಜಗಲಿಯಲ್ಲಿ ಮೊದಲು ಚರ್ಚೆಗೆ ಬರುವ ವಿಷಯ ಕಾರು. ಕಾರು ಇಲ್ಲವೆಂದಲ್ಲ, ಇದೆ. ಏಳೆಂಟು ವರ್ಷಗಳಿಂದ ಒಂದು ದಿನವೂ ಕೈಕೊಡದೆ ಓಡಿದೆ. ಸೀಟು ಮೆತ್ತಗಿದೆ, ಕಾಲು ಚಾಚಲು ಜಾಗವಿದೆ, ಹಿಂದೆ ಎರಡು ಮೂಟೆ ಗೊಬ್ಬರ ಹಾಕಿದರೂ ಗೊಣಗುವುದಿಲ್ಲ. ಅದರ ಮೇಲಿರುವ ಆಪಾದನೆ ಒಂದೇ: ಅದು ವೇಗವಾಗಿ ಓಡುವುದಿಲ್ಲ.

ಆಪಾದನೆ ಮಾಡುವವನು ಬೆಂಗಳೂರಿನಿಂದ ಹಬ್ಬಕ್ಕೆ ಬಂದ ಮಗ. "ಅಪ್ಪಾ, ಇದು ಎತ್ತಿನಗಾಡಿ. ಲಾರಿ ಹಿಂದೆ ಸಿಕ್ಕಿಕೊಂಡ್ರೆ ಮುಗೀತು" ಎನ್ನುತ್ತಾನೆ. ಅವನ ಕೈಯಲ್ಲಿ ಹೊಸ ಕಾರಿನ ವಿವರಪತ್ರವಿದೆ. ಅದರಲ್ಲಿ ದಪ್ಪಕ್ಷರದಲ್ಲಿ ಅಚ್ಚಾಗಿರುವುದು ಸೊನ್ನೆಯಿಂದ ನೂರು ಕಿಲೋಮೀಟರ್ ವೇಗಕ್ಕೆ ಏರಲು ಹಿಡಿಯುವ ಸೆಕೆಂಡುಗಳ ಲೆಕ್ಕ. ವೇಗದ ಮುಳ್ಳಿನ ಮುಂದೆ ಇನ್ನೂರರವರೆಗೆ ಅಂಕಿಗಳಿವೆ. ಹಳೆಯ ಕಾರಿಗೆ ಒಳ್ಳೆಯ ಬೆಲೆ ಕೊಡುತ್ತಾರಂತೆ, ಮೇಲಿನ ಐದು ಲಕ್ಷ ಕೊಟ್ಟರೆ ಸಾಕಂತೆ. ಒಳಗಿನಿಂದ ಅಜ್ಜಿಯೊಬ್ಬರದೇ ಅಪಸ್ವರ: "ಈ ಕಾರಾದ್ರೆ ಘಾಟಿ ಇಳಿದ್ರೂ ಹೊಟ್ಟೆ ತೊಳಸೋದಿಲ್ಲ ಕಣೋ. ಮತ್ತೆ ಯಾಕೆ ಬದಲಿಸೋದು?" ಅಜ್ಜಿಯ ಪ್ರಶ್ನೆಗೆ ಯಾರೂ ಉತ್ತರಿಸುವುದಿಲ್ಲ.

ಒಬ್ಬರ ಮನೆಯ ಕಾರು ಅವರವರ ಇಷ್ಟವೆಂದು ಈ ವಿಷಯವನ್ನು ಕೈಬಿಡಬಹುದಿತ್ತು. ಹಾಗೆ ಬಿಡಲಾಗದ ಕಾರಣವೆಂದರೆ, ಈ ಜಗಲಿಗಳಲ್ಲಿ ಕುಳಿತಿರುವವರಲ್ಲಿ ಹಲವರು ಪಶ್ಚಿಮ ಘಟ್ಟ ಉಳಿಯಬೇಕೆಂದು ಮನವಿಪತ್ರಗಳಿಗೆ ಸಹಿ ಹಾಕಿದವರು. ಗುಡ್ಡ ಕುಸಿದಾಗಲೆಲ್ಲ ಗುತ್ತಿಗೆದಾರರನ್ನೂ ಎಂಜಿನಿಯರರನ್ನೂ ರಾಜಕಾರಣಿಗಳನ್ನೂ ಹೆಸರು ಹಿಡಿದು ಬೈದವರು. ಬೈಗುಳ ಅನ್ಯಾಯದ್ದೆಂದು ಹೇಳಲಾಗದು. ಆದರೆ ಗುಡ್ಡ ಕಡಿಯುವ ಆದೇಶ ವಿಧಾನಸೌಧದಲ್ಲಿ ಸಹಿ ಕಾಣುವುದಕ್ಕೆ ಎಷ್ಟೋ ಮೊದಲೇ ಅದರ ಕರಡು ಈ ಜಗಲಿಗಳಲ್ಲಿ ಸಿದ್ಧವಾಗಿರುತ್ತದೆಂಬುದನ್ನು ಒಪ್ಪಿಕೊಳ್ಳುವವರು ಕಡಿಮೆ.

ಹೇಗೆಂದು ನೋಡಬೇಕಾದರೆ ತಿರುವಿನ ಗಣಿತವನ್ನು ಸ್ವಲ್ಪ ಬಿಡಿಸಬೇಕು. ಗುಡ್ಡಗಾಡಿನ ರಸ್ತೆಗಳಿಗಾಗಿ ಇಂಡಿಯನ್ ರೋಡ್ಸ್ ಕಾಂಗ್ರೆಸ್ ರೂಪಿಸಿರುವ ನಿಯಮಾವಳಿ ಹೇರ್‌ಪಿನ್ ತಿರುವಿಗೆ ಗೊತ್ತುಮಾಡಿರುವ ಕನಿಷ್ಠ ವಿನ್ಯಾಸ ವೇಗ ಗಂಟೆಗೆ 20 ಕಿ.ಮೀ.; ಒಳ ಅಂಚಿನ ಕನಿಷ್ಠ ತ್ರಿಜ್ಯ 14 ಮೀಟರ್. ಆಗುಂಬೆ ಘಾಟಿಯಲ್ಲಿ ಇಂಥ ತಿರುವುಗಳು ಹದಿನಾಲ್ಕು. ತಿರುವಿನಲ್ಲಿ ವಾಹನವನ್ನು ರಸ್ತೆಯ ಮೇಲೆ ಹಿಡಿದಿಡಲು ಬೇಕಾದ ಬಲ ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ವೇಗ ಇಮ್ಮಡಿಯಾದರೆ ಬಲ ನಾಲ್ಮಡಿ. ಟೈರಿನ ಹಿಡಿತ ಮತ್ತು ರಸ್ತೆಯ ಓರೆ ಇಷ್ಟೇ ಎಂದಾದರೆ, ವೇಗ ಹೆಚ್ಚಿಸಲು ಉಳಿಯುವ ದಾರಿ ತಿರುವಿನ ತ್ರಿಜ್ಯವನ್ನು ಹಿಗ್ಗಿಸುವುದೊಂದೇ. ಗಂಟೆಗೆ 40 ಕಿ.ಮೀ. ವೇಗದಲ್ಲಿ ಸುರಕ್ಷಿತವಾಗಿ ತಿರುಗಲು ಸುಮಾರು 50 ಮೀಟರ್ ತ್ರಿಜ್ಯ ಬೇಕು. 60ಕ್ಕೆ 110 ಮೀಟರಿಗೂ ಹೆಚ್ಚು. 80ಕ್ಕೆ 200 ಮೀಟರ್. ರಸ್ತೆಯ ಒಂದು ಬದಿ ಪ್ರಪಾತ, ಇನ್ನೊಂದು ಬದಿ ಗುಡ್ಡ ಇರುವಲ್ಲಿ ಈ ಹೆಚ್ಚುವರಿ ಮೀಟರುಗಳು ಎಲ್ಲಿಂದ ಬರಬೇಕು? ಗುಡ್ಡದ ಹೊಟ್ಟೆಯಿಂದಲೇ ಬರಬೇಕು.

ಹೀಗಾಗಿ ಮಲೆನಾಡಿನಲ್ಲಿ ವೇಗದ ಕಾರು ಕೊಳ್ಳುವವನು ಅರ್ಧ ಸರಕನ್ನು ಮಾತ್ರ ಕೊಂಡಿರುತ್ತಾನೆ. ಉಳಿದರ್ಧವನ್ನು ಸರ್ಕಾರ ಒದಗಿಸಿಕೊಡಬೇಕು. ಐದು ಲಕ್ಷ ಹೆಚ್ಚು ಕೊಟ್ಟು ತಂದ ಎಂಜಿನ್ನು ಎರಡನೆಯ ಗೇರಿನಲ್ಲಿ ಲಾರಿಯ ಹೊಗೆ ಕುಡಿಯುತ್ತ ತೆವಳುವಾಗ ಒಡೆಯನ ಸಿಟ್ಟು ಕಾರು ಮಾರಿದವನ ಮೇಲೆ ತಿರುಗುವುದಿಲ್ಲ, ರಸ್ತೆಯ ಮೇಲೆ ತಿರುಗುತ್ತದೆ. "ರಸ್ತೆ ಸರಿಯಿಲ್ಲ" ಎಂಬ ಮಾತು ಅಲ್ಲಿ ಹುಟ್ಟುತ್ತದೆ. ಹೊಂಡವಿದ್ದರೆ ಮುಚ್ಚಿ ಎನ್ನುವುದು ಸರಿಯಾದ ಬೇಡಿಕೆ. ಚರಂಡಿ ತೆಗೆಯಿರಿ ಎನ್ನುವುದೂ ಸರಿ. ಈ ಮಾತಿನ ಅರ್ಥ ಅದಲ್ಲ. ತಿರುವು ಇರುವುದೇ ತಪ್ಪು ಎಂಬುದು ಅದರ ಅರ್ಥ. ಮದುವೆಮನೆಯಲ್ಲಿ, ಸೊಸೈಟಿಯ ವಾರ್ಷಿಕ ಸಭೆಯಲ್ಲಿ ಅದೇ ಮಾತು ಸಾವಿರ ಬಾಯಲ್ಲಿ ತಿರುಗಿ ಕೊನೆಗೆ ಜನಪ್ರತಿನಿಧಿಯ ಬಾಯಲ್ಲಿ "ಜನರ ಬಹುದಿನದ ಬೇಡಿಕೆ" ಎಂಬ ರೂಪ ಪಡೆಯುತ್ತದೆ. ಶಿರಾಡಿ, ಆಗುಂಬೆಗಳಲ್ಲಿ ಸುರಂಗ ಕೊರೆಯಬೇಕೆಂಬ ಮಾತು ವರ್ಷಗಳಿಂದ ಕೇಳಿಬರುತ್ತಿರುವುದು ಬೇಡಿಕೆಯ ಈ ಪೀಠಿಕೆಯ ಮೇಲೆಯೇ. ಮರಗಳ ಕಾಂಡದ ಮೇಲೆ ಸಂಖ್ಯೆ ಬರೆದ ದಿನ ಅದೇ ಬೆಳೆಗಾರ ಮನವಿಪತ್ರಕ್ಕೆ ಸಹಿ ಹಾಕಲು ಬರುತ್ತಾನೆ, ಹೊಸ ಕಾರಿನಲ್ಲಿ.

ಮಲೆನಾಡು ಮತ್ತು ಕರಾವಳಿಯ ಗುಡ್ಡಗಳ ಒಳಗೆ ಏನಿದೆಯೆಂಬುದನ್ನು ಮಣ್ಣು ಬಲ್ಲವರು ಹೇಳುತ್ತಲೇ ಬಂದಿದ್ದಾರೆ. ಹಲವೆಡೆ ಮೇಲೆ ಜಂಬಿಟ್ಟಿಗೆಯ ಗಟ್ಟಿ ಹೊದಿಕೆ. ಅದರ ಕೆಳಗೆ ಕರಾವಳಿಯವರು ಶೇಡಿಮಣ್ಣೆಂದು ಕರೆಯುವ ನುಣುಪು ಜೇಡಿ. ಒಣಗಿದ್ದಾಗ ಗೋಡೆಯಂತೆ ನಿಲ್ಲುವ ಈ ಮಣ್ಣು ನೀರು ಕುಡಿದು ತಣಿದ ಮೇಲೆ ಬಲ ಕಳೆದುಕೊಂಡು ಜಾರುತ್ತದೆ. ಬೇಸಿಗೆಯಲ್ಲಿ ಯಂತ್ರ ತಂದು ಗುಡ್ಡದ ಪಾದವನ್ನು ನೆಟ್ಟಗೆ ಸೀಳುವಾಗ ಅದು ಏನೂ ಆಗದಂತೆ ನಿಂತಿರುತ್ತದೆ, ಛಾಯಾಚಿತ್ರಕ್ಕೂ ಚೆನ್ನಾಗಿ ಕಾಣುತ್ತದೆ. ಮೇಲಿನ ಇಳಿಜಾರಿನ ಭಾರವನ್ನು ಹೊತ್ತಿದ್ದ ಪಾದ ಹೋಗಿದೆ, ಮಣ್ಣನ್ನು ಹೆಣೆದಿದ್ದ ಬೇರು ಹೋಗಿದೆ, ಮಳೆನೀರು ಹರಿದುಹೋಗುತ್ತಿದ್ದ ಸಣ್ಣ ಹಳ್ಳದ ಬಾಯಿಗೆ ಮಣ್ಣು ಬಿದ್ದಿದೆ ಎಂಬುದು ಗೊತ್ತಾಗುವುದು ಆಷಾಢದಲ್ಲಿ.

2022ರ ಜುಲೈನಲ್ಲಿ ಸಕಲೇಶಪುರದ ಬಳಿಯ ದೋಣಿಗಾಲ್‌ನಲ್ಲಿ ರಾಷ್ಟ್ರೀಯ ಹೆದ್ದಾರಿ 75ರ ಅಂಚು ಕುಸಿದು ಸಂಚಾರಕ್ಕೆ ತಡೆ ಬಿತ್ತು; ಚತುಷ್ಪಥ ಕಾಮಗಾರಿ ನಡೆಯುತ್ತಿದ್ದ ದಾರಿ ಅದು. 2024ರ ಜುಲೈ 16ರ ಬೆಳಗ್ಗೆ ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಹೆದ್ದಾರಿ 66ರ ಮೇಲೆ ಗುಡ್ಡವೇ ಇಳಿದುಬಂತು. ಅಗಲೀಕರಣಕ್ಕಾಗಿ ಪಾದ ಕಡಿಸಿಕೊಂಡಿದ್ದ ಗುಡ್ಡ. ರಸ್ತೆಬದಿಯ ಚಹಾದಂಗಡಿಯೂ ಅದನ್ನು ನಡೆಸುತ್ತಿದ್ದ ಕುಟುಂಬವೂ ಚಹಾ ಕುಡಿಯಲು ಲಾರಿ ನಿಲ್ಲಿಸಿದ್ದವರೂ ಮಣ್ಣಿನ ಮತ್ತು ಗಂಗಾವಳಿ ನದಿಯ ಪಾಲಾದರು. ಕೇರಳದ ಲಾರಿ ಚಾಲಕನೊಬ್ಬನ ದೇಹ ನದಿಯಿಂದ ದೊರೆತದ್ದು ಸೆಪ್ಟೆಂಬರಿನಲ್ಲಿ. ಮಳೆ ವಿಪರೀತವಾಗಿತ್ತೆಂಬುದು ಸುಳ್ಳಲ್ಲ. 2019ರ ಆಗಸ್ಟಿನಲ್ಲಿ ಚಾರ್ಮಾಡಿ ಘಾಟಿ ಹತ್ತಾರು ಕಡೆ ಜರಿದಾಗಲೂ ಮಳೆ ವಿಪರೀತವೇ ಇತ್ತು. ಆದರೆ ಮಳೆಗೆ ಯಾವ ಜಾಗದಲ್ಲಿ ದಾರಿ ಮಾಡಿಕೊಡಬೇಕೆಂಬುದನ್ನು ಮನುಷ್ಯ ಮೊದಲೇ ಗುರುತು ಹಾಕಿಟ್ಟಿದ್ದ.

ಇಷ್ಟೆಲ್ಲ ಬೆಲೆ ತೆತ್ತು ಉಳಿಯುವ ಸಮಯವಾದರೂ ಎಷ್ಟು? ಬೆಳೆಗಾರನ ಓಡಾಟವನ್ನೇ ಲೆಕ್ಕಕ್ಕೆ ತೆಗೆದುಕೊಳ್ಳಬಹುದು. ಮನೆಯಿಂದ ಪೇಟೆಗೆ 30 ಕಿ.ಮೀ., ವಾರಕ್ಕೆ ಎರಡು ಸಲ. ಹಳೆಯ ಕಾರಿನಲ್ಲಿ 50 ನಿಮಿಷ ಹಿಡಿಯುವುದು ಹೊಸದರಲ್ಲಿ 45 ನಿಮಿಷವಾದೀತು. ಅದಕ್ಕಿಂತ ಹೆಚ್ಚಿನದನ್ನು ತಿರುವುಗಳು ಬಿಟ್ಟುಕೊಡುವುದಿಲ್ಲ. ವರ್ಷಕ್ಕೆ ಸುಮಾರು 17 ಗಂಟೆ ಉಳಿತಾಯ. ತಿಂಗಳಿಗೊಮ್ಮೆ 350 ಕಿ.ಮೀ. ದೂರದ ಬೆಂಗಳೂರಿಗೆ ಹೋಗಿಬರುವಾಗ ಒಂದೊಂದು ದಿಕ್ಕಿಗೆ ಅರ್ಧ ಗಂಟೆ ಉಳಿದರೆ ವರ್ಷಕ್ಕೆ 12 ಗಂಟೆ. ಒಟ್ಟು 29. ಎಂಟು ವರ್ಷ ಕಾರನ್ನು ಇಟ್ಟುಕೊಂಡರೆ 232 ಗಂಟೆ. ಇದಕ್ಕೆ ಕೊಟ್ಟದ್ದು ಐದು ಲಕ್ಷ. ಅಂದರೆ ಉಳಿಸಿದ ಒಂದೊಂದು ಗಂಟೆಗೆ ಎರಡು ಸಾವಿರ ರೂಪಾಯಿಗೂ ಮೇಲೆ, ಬಡ್ಡಿ, ವಿಮೆ, ಹೆಚ್ಚುವರಿ ಪೆಟ್ರೋಲು ಬಿಟ್ಟು. ಹಾಗೆ ಉಳಿದ ಐದು ನಿಮಿಷವನ್ನು ಪೇಟೆಯಲ್ಲಿ ಕಾರು ನಿಲ್ಲಿಸಲು ಜಾಗ ಹುಡುಕುವುದರಲ್ಲೇ ಕಳೆಯಬೇಕು.

ಈ ಬಗೆಯ ಲೆಕ್ಕ ಹೊಸದೇನಲ್ಲ. ಇವಾನ್ ಇಲಿಚ್ 1974ರ 'ಎನರ್ಜಿ ಅಂಡ್ ಇಕ್ವಿಟಿ' ಎಂಬ ಪುಟ್ಟ ಪುಸ್ತಕದಲ್ಲಿ ಅಮೆರಿಕದ ಸಾಮಾನ್ಯ ಗಂಡಸಿನ ಕಾರಿನ ಲೆಕ್ಕ ಮಾಡಿದ್ದ. ಓಡಿಸುವ ಸಮಯ, ನಿಲ್ಲಿಸಿ ಕಾಯುವ ಸಮಯ, ಕಂತು, ವಿಮೆ, ಪೆಟ್ರೋಲಿಗಾಗಿ ದುಡಿಯುವ ಸಮಯ ಎಲ್ಲ ಕೂಡಿಸಿದರೆ ವರ್ಷಕ್ಕೆ 1,600 ಗಂಟೆ. ಆ ಗಂಟೆಗಳಲ್ಲಿ ಅವನು ಕ್ರಮಿಸುವುದು 7,500 ಮೈಲಿ, ಅಂದರೆ ಸುಮಾರು 12 ಸಾವಿರ ಕಿ.ಮೀ. ಗಂಟೆಗೆ ಏಳೂವರೆ ಕಿಲೋಮೀಟರ್ ಬಿತ್ತು. ಬಿರುಸಾಗಿ ನಡೆಯುವವನಿಗಿಂತ ತುಸುವೇ ಹೆಚ್ಚು.

ಮಲೆನಾಡಿನವನ ದುಡಿಮೆಯ ಅಳತೆಗೋಲು ಗಂಟೆಯಲ್ಲ, ಕ್ವಿಂಟಾಲು. ಧಾರಣೆ ಕ್ವಿಂಟಾಲಿಗೆ 50 ಸಾವಿರವೆಂದು ಹಿಡಿದರೂ ಐದು ಲಕ್ಷವೆಂದರೆ ಹತ್ತು ಕ್ವಿಂಟಾಲು ಅಡಿಕೆ; ಚೆನ್ನಾಗಿ ಸಾಕಿದ ಒಂದು ಎಕರೆ ತೋಟದ ಇಡೀ ವರ್ಷದ ಫಸಲು. ಆ ಫಸಲಿಗಾಗಿ ಕೊನೆಗಾರ ಮಳೆಯ ಬಿಡುವಿನಲ್ಲಿ ಜಾರುವ ಮರ ಹತ್ತಿ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆದಿದ್ದಾನೆ. ಮನೆಯ ಹೆಂಗಸರು ರಾತ್ರಿ ಹನ್ನೊಂದರವರೆಗೆ ಅಡಿಕೆ ಸುಲಿದಿದ್ದಾರೆ. ಎಲೆಚುಕ್ಕಿ ರೋಗ ತೋಟದಿಂದ ತೋಟಕ್ಕೆ ಹಬ್ಬುತ್ತಿರುವಾಗ, ಶೃಂಗೇರಿ-ಕೊಪ್ಪದ ಕಡೆಯ ಹಳದಿ ಎಲೆ ರೋಗಕ್ಕೆ ಮದ್ದೇ ಇಲ್ಲದಿರುವಾಗ, ಒಂದು ಎಕರೆಯ ಫಸಲನ್ನು ಮೂವತ್ತು ಕಿಲೋಮೀಟರಿನಲ್ಲಿ ಐದು ನಿಮಿಷ ಉಳಿಸಲು ಸುರಿಯುವುದನ್ನು ಬೇಸಾಯದ ಭಾಷೆಯಲ್ಲಿ ಏನೆಂದು ಕರೆಯಬೇಕೋ ತಿಳಿಯದು. ಅದೇ ಹಣ ಬಸಿಗಾಲುವೆಗೆ ಹೋದರೆ ಬೇರು ಕೊಳೆಯುವುದು ತಪ್ಪುತ್ತದೆ. ಬರಡಾದ ಸೊಪ್ಪಿನ ಬೆಟ್ಟಕ್ಕೆ ಬೇಲಿ ಹಾಕಿ ಮತ್ತಿ, ಹೊನ್ನೆ, ನೇರಳೆ ಎಬ್ಬಿಸಿದರೆ ಮೊಮ್ಮಗನ ಕಾಲಕ್ಕೂ ಸೊಪ್ಪಿಗೆ ಬರವಿಲ್ಲ.

ಪೆಟ್ರೋಲಿನ ಮಾತು ಬಂದದ್ದರಿಂದ ಇನ್ನೊಂದು ಸಂಗತಿ. ಗಾಳಿಯ ತಡೆಯೂ ವೇಗದ ವರ್ಗದಂತೆಯೇ ಏರುವುದರಿಂದ 80ರ ಬದಲು 110ರಲ್ಲಿ ಓಡುವ ಕಾರು ಹೆಚ್ಚುಕಡಿಮೆ ಎರಡು ಪಟ್ಟು ತಡೆಯನ್ನು ಸೀಳಬೇಕು. ಹಾಗೆ ಸೀಳಲು ಸುಡುವುದು ಈಗ ಬರಿಯ ಕಚ್ಚಾತೈಲವಲ್ಲ. 2025ರ ಹೊತ್ತಿಗೆ ದೇಶದ ಪೆಟ್ರೋಲಿನಲ್ಲಿ ಶೇ. 20ರಷ್ಟು ಎಥನಾಲ್ ಬೆರೆಯಿತು. ಅದು ಕಬ್ಬಿನದು, ಮೆಕ್ಕೆಜೋಳದ್ದು, ಅಕ್ಕಿಯದು. ಹೊಲದಲ್ಲಿ ಬೆಳೆದದ್ದೂ ಹೊಲಕ್ಕೆ ಹಾಯಿಸಿದ ನೀರೂ ಹೆದ್ದಾರಿಯ ಗಾಳಿಯಲ್ಲಿ ಹೋಗುತ್ತಿದೆ.

ಸುಖದ ವಿಚಾರಕ್ಕೆ ಬಂದರೆ ಅಜ್ಜಿಯ ಹೊಟ್ಟೆ ಯಾವ ಪ್ರಯೋಗಶಾಲೆಗೂ ಕಡಿಮೆಯಿಲ್ಲದ ಮಾಪಕ. ವೇಗಕ್ಕೆಂದು ಕಟ್ಟಿದ ಕಾರಿಗೆ ಸಾಮಾನ್ಯವಾಗಿ ಬಿಗಿ ಸ್ಪ್ರಿಂಗು, ತೆಳು ಪಾರ್ಶ್ವದ ಅಗಲ ಟೈರು. ಸಮತಟ್ಟಾದ ಹೆದ್ದಾರಿಯಲ್ಲಿ ಅದು ಒಳ್ಳೆಯದೇ. ಮಳೆಗಾಲ ಮುಗಿದ ಮಲೆನಾಡಿನ ರಸ್ತೆಯಲ್ಲಿ ಪ್ರತಿಯೊಂದು ಹೊಂಡವೂ ಬೆನ್ನಿಗೆ ಲೆಕ್ಕ ಒಪ್ಪಿಸುತ್ತದೆ. 2014ರಲ್ಲಿ ತಯಾರಿಕೆ ನಿಂತ ಅಂಬಾಸಿಡರ್ ಕಾರನ್ನು ನೆನೆದು ಈಗಲೂ ನಿಟ್ಟುಸಿರು ಬಿಡುವ ಹಿರಿಯರು ಘಟ್ಟದ ಮೇಲೆ ಬಹಳ ಮಂದಿ ಇದ್ದಾರೆ. ಅದರ ಬ್ರೇಕು, ಅದರ ಹೊಗೆ ಹೊಗಳುವಂಥವಲ್ಲ. ಆದರೆ ಅದರಲ್ಲಿ ಬಾಣಂತಿಯನ್ನೂ ಮಗುವನ್ನೂ ಕುಲುಕದಂತೆ ಮನೆಗೆ ತಂದವರಿಗೆ ಕಾರಿನಿಂದ ಏನು ಬೇಕೆಂಬುದು ಗೊತ್ತಿತ್ತು.

ವೇಗದ ಪರವಾಗಿ ಹೇಳುವ ಮಾತುಗಳಲ್ಲಿ ತೂಕವುಳ್ಳದ್ದು ಒಂದಿದೆ, ಅದನ್ನು ಹಗುರವಾಗಿ ತಳ್ಳುವಂತಿಲ್ಲ. ನಡುರಾತ್ರಿ ಎದೆನೋವು ಬಂದರೆ? ಹಾವು ಕಚ್ಚಿದರೆ? ತೀರ್ಥಹಳ್ಳಿ-ಶೃಂಗೇರಿಯ ಸೀಮೆಯಿಂದ ಮಣಿಪಾಲದ ಆಸ್ಪತ್ರೆಗೆ ಹೋಗಬೇಕಾದರೆ ಘಾಟಿ ಇಳಿಯಲೇಬೇಕು. ಭಯ ನಿಜವಾದದ್ದು, ಈ ದಾರಿಯಲ್ಲಿ ಜೀವ ಹೋದ ಮನೆಗಳು ಇವೆ. ಆದರೆ ಆ ಹದಿನಾಲ್ಕು ತಿರುವುಗಳಲ್ಲಿ ರೋಗಿಯನ್ನು ಮಲಗಿಸಿಕೊಂಡು ಇಳಿಯುವಾಗ ಸೊನ್ನೆಯಿಂದ ನೂರಕ್ಕೆ ಏರುವ ಶಕ್ತಿ ಯಾವ ಕೆಲಸಕ್ಕೆ ಬರುತ್ತದೆ? ಹಾವು ಕಚ್ಚಿದವನಿಗೆ ಬೇಕಾದದ್ದು ತಾಲ್ಲೂಕು ಆಸ್ಪತ್ರೆಯಲ್ಲಿ ಪ್ರತಿವಿಷ, ಅದನ್ನು ಕೊಡಬಲ್ಲ ವೈದ್ಯ. ಎದೆನೋವಿನವನಿಗೆ ಬೇಕಾದದ್ದು ಮೊದಲ ಗಂಟೆಯಲ್ಲಿ ಇ.ಸಿ.ಜಿ.ಯೂ ಔಷಧವೂ, ಆಮ್ಲಜನಕವಿರುವ ಆಂಬುಲೆನ್ಸೂ. ಕರ್ನಾಟಕದಲ್ಲಿ 108ರ ಸೇವೆ 2008ರಿಂದ ಇದೆ. ಅದು ಹಾಡ್ಯದ ಮನೆಯನ್ನು ಎಷ್ಟು ಬೇಗ ಮುಟ್ಟುತ್ತದೆಂದು ಕೇಳುವ ದನಿ ಮಾತ್ರ ಕ್ಷೀಣ. ಸ್ವಂತಕ್ಕೆ ವೇಗದ ಕಾರು ಇದ್ದವನಿಗೆ ಆ ಪ್ರಶ್ನೆ ಕೇಳುವ ತುರ್ತಿಲ್ಲ. ಕಾರಿಲ್ಲದ ಕೂಲಿಯವನು ಕೇಳಿದರೆ ಯಾರಿಗೂ ಕೇಳಿಸುವುದಿಲ್ಲ.

ಏರುದಾರಿಯಲ್ಲಿ ಲಾರಿಯನ್ನು ಹಿಂದಿಕ್ಕಲು ಎಂಜಿನ್ನಿಗೆ ಕಸುವಿರಬೇಕು, ದುರ್ಬಲ ಕಾರೂ ಅಪಾಯಕಾರಿಯೇ ಎಂಬ ಮಾತಿನಲ್ಲೂ ಸತ್ಯವಿದೆ. ಅಷ್ಟು ಕಸುವು ಹಳೆಯ ಕಾರಿನಲ್ಲಿಲ್ಲದಿದ್ದರೆ ಬದಲಿಸಲಿ. ಇಲ್ಲಿನ ಚರ್ಚೆ ಅದಿದ್ದೂ ಸಾಲದೆನ್ನುವವರದು. ವಿದ್ಯುತ್ ಕಾರಿನ ವಿಷಯವೂ ಇಷ್ಟೇ: ಹೊಗೆಯಿಲ್ಲವೆಂಬುದು ದೊಡ್ಡ ಗುಣ, ಆದರೆ ಕಣ್ಣುಮುಚ್ಚಿ ತೆರೆಯುವುದರೊಳಗೆ ಚಿಮ್ಮುವ ಆ ಭಾರದ ಬಂಡಿಗೂ ತಿರುವಿನ ಗಣಿತ ಬದಲಾಗುವುದಿಲ್ಲ.

ನಿಲ್ಲುವ ಗಣಿತವೂ ಬದಲಾಗದು. ಒದ್ದೆ ರಸ್ತೆಯಲ್ಲಿ, ಚಾಲಕ ಎಚ್ಚೆತ್ತು ಬ್ರೇಕು ತುಳಿಯಲು ಒಂದು ಸೆಕೆಂಡು ಹಿಡಿಯಿತೆಂದು ಎಣಿಸಿದರೆ, 40 ಕಿ.ಮೀ. ವೇಗದ ಕಾರು ನಿಲ್ಲಲು ಸುಮಾರು 23 ಮೀಟರ್ ಬೇಕು. 60ರಲ್ಲಿ 44 ಮೀಟರ್. 80ರಲ್ಲಿ 70 ಮೀಟರ್ ದಾಟುತ್ತದೆ. ಆಷಾಢದ ರಾತ್ರಿ ಮಂಜಿನಲ್ಲಿ ದೀಪದ ಬೆಳಕು 40-50 ಮೀಟರಿನಾಚೆ ಪ್ರಯೋಜನಕ್ಕೆ ಬರುವುದಿಲ್ಲ. ಅಂದರೆ 80ರಲ್ಲಿ ಹೋಗುವವನು ತನಗೆ ಕಾಣದ ರಸ್ತೆಯ ಮೇಲೆ ನಂಬಿಕೆಯಿಟ್ಟು ಹೋಗುತ್ತಿದ್ದಾನೆ. ಆ ಕಾಣದ ಇಪ್ಪತ್ತು ಮೀಟರಿನಲ್ಲಿ ಹಾಲಿನ ಡೇರಿಯಿಂದ ತಡವಾಗಿ ಮರಳುವ ಮುದುಕನಿರಬಹುದು, ದಾರಿ ದಾಟುವ ಪುನುಗುಬೆಕ್ಕು ಇರಬಹುದು, ಮರಕ್ಕೆ ಮರ ತಾಗದಂತೆ ಕಡಿದುಹಾಕಿದ್ದರಿಂದ ನೆಲಕ್ಕಿಳಿದ ಕಾಡುಪಾಪವಿರಬಹುದು. ಮೊದಲ ಮಳೆಗೆ ರಸ್ತೆಗೆ ಬರುವ ಕಪ್ಪೆಗಳನ್ನಂತೂ ಎಣಿಸುವವರೇ ಇಲ್ಲ. ಬಂಡೀಪುರದ ಹೆದ್ದಾರಿಗಳಲ್ಲಿ ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ಸಂಚಾರ ನಿರ್ಬಂಧಿಸಿದ್ದು 2009ರಲ್ಲಿ. ಹೈಕೋರ್ಟು 2010ರಲ್ಲಿ ಅದನ್ನು ಎತ್ತಿಹಿಡಿಯಿತು. ಅಂದಿನಿಂದಲೂ ಅದನ್ನು ತೆರವುಗೊಳಿಸಿ ಎಂಬ ಒತ್ತಡ ನಿಂತಿಲ್ಲ. ಹುಲಿ, ಆನೆಗಳಿರುವ ಕಾಡಿಗೇ ಈ ಪಾಡಾದರೆ, ಹುಲಿಯಿಲ್ಲದ ಊರಿನ ಹಾಡ್ಯಗಳ ನಡುವೆ ಹಾದುಹೋಗುವ ರಸ್ತೆಗೆ ಯಾವ ನ್ಯಾಯಾಲಯ ರಾತ್ರಿ ಕಾವಲು ಹಾಕೀತು? ಅಲ್ಲಿ ಇರುವ ಕಾವಲೆಂದರೆ ಚಾಲಕನ ಬಲಗಾಲು.

ಕಾರುಗಳ ವೇಗ ಏರುತ್ತಿದ್ದ ವರ್ಷಗಳಲ್ಲಿಯೇ ಮಲೆನಾಡು ಇನ್ನೊಂದು ವಾಹನವನ್ನು ಕಳೆದುಕೊಂಡಿತು. ಕೊಪ್ಪದಲ್ಲಿ ಖಾಸಗಿ ಬಸ್ ಕಂಪನಿಯೊಂದು ಮುಚ್ಚಿದಾಗ ಅದರ ಕಾರ್ಮಿಕರೇ ಸೇರಿ 1991ರಲ್ಲಿ ಕಟ್ಟಿದ ಸಹಕಾರ ಸಾರಿಗೆ ಸಂಸ್ಥೆ, ಲಾಭ ತರದ ಹಳ್ಳಿದಾರಿಗಳಲ್ಲೂ ಮೂರು ದಶಕಗಳಷ್ಟು ಕಾಲ ಬಸ್ಸು ಓಡಿಸಿತು. ಚಾಲಕ, ನಿರ್ವಾಹಕರೇ ಒಡೆಯರಾಗಿದ್ದ ಸಂಸ್ಥೆ. ಶಾಲೆಯ ಮಕ್ಕಳು, ಕೂಲಿಗೆ ಹೋಗುವವರು, ಸಂತೆಗೆ ಬಾಳೆಗೊನೆ ಒಯ್ಯುವವರು ಅದನ್ನೇ ನಂಬಿದ್ದರು. ನಷ್ಟ ತಾಳಲಾರದೆ 2020ರ ಫೆಬ್ರವರಿಯಲ್ಲಿ ಅದರ ಬಸ್ಸುಗಳು ನಿಂತವು. ಡೀಸೆಲ್ ದರ, ತೆರಿಗೆ, ಆಡಳಿತ ಎಂದು ಕಾರಣಗಳು ಹಲವು. ಬಸ್ಸಿನಲ್ಲಿ ಟಿಕೆಟ್ ಕೊಂಡು ಕೂರುತ್ತಿದ್ದ ಅನುಕೂಲಸ್ಥರು ಒಬ್ಬೊಬ್ಬರಾಗಿ ಕಾರಿಗೆ ಇಳಿದುಹೋದದ್ದನ್ನೂ ಆ ಪಟ್ಟಿಯಲ್ಲಿ ಸೇರಿಸಬೇಕು. ಸರ್ಕಾರ 2023ರ ಜೂನ್‌ನಿಂದ ಮಹಿಳೆಯರಿಗೆ ಸರ್ಕಾರಿ ಬಸ್ಸಿನಲ್ಲಿ ಉಚಿತ ಪ್ರಯಾಣ ಕೊಟ್ಟಿತು. ಬಸ್ಸೇ ಬಾರದ ಊರಿನ ಹೆಂಗಸಿಗೆ ಅದು ಪತ್ರಿಕೆಯಲ್ಲಿ ಓದುವ ಸುದ್ದಿ.

ಐದು ಲಕ್ಷ ಕೈಯಲ್ಲಿಟ್ಟುಕೊಂಡು ಕುಳಿತಿರುವ ಬೆಳೆಗಾರ ಹಳೆಯ ಕಾರಿಗೆ ಮಳೆಗಾಲಕ್ಕೆ ಮುಂಚೆ ನಾಲ್ಕು ಹೊಸ ಟೈರು, ಬ್ರೇಕಿನ ಪ್ಯಾಡು, ಒರೆಸುವ ಬ್ಲೇಡು ಹಾಕಿಸಿದರೆ ಖರ್ಚು ಐವತ್ತು ಸಾವಿರ ಮುಟ್ಟಲಾರದು. ಉಳಿದದ್ದು ತೋಟಕ್ಕೆ. ಗ್ರಾಮಸಭೆಯಲ್ಲಿ ರಸ್ತೆಯ ಮಾತು ಬಂದಾಗ ಅವನು ಕೇಳಬೇಕಾದದ್ದು ಅಗಲವನ್ನಲ್ಲ: ಗುಡ್ಡದ ಬದಿಯ ಚರಂಡಿಯ ಹೂಳು ಮೇ ತಿಂಗಳೊಳಗೆ ತೆಗೆಯಲಿ, ಮೋರಿಗಳ ಬಾಯಿ ಬಿಡಿಸಲಿ, ಪ್ರಪಾತದ ಅಂಚಿಗೆ ತಡೆಗೋಡೆ ಕಟ್ಟಲಿ, ಬೆಳಗ್ಗೆ ಏಳಕ್ಕೊಂದು, ಸಂಜೆ ಆರಕ್ಕೊಂದು ಬಸ್ಸು ಬಿಡಲಿ. ಅಗಲೀಕರಣದ ಅರ್ಜಿ ಜಗಲಿಗೆ ಬಂದರೆ ಅದಕ್ಕೆ ಸಹಿ ಹಾಕದೆ ತಿರುಗಿ ಕಳುಹಿಸಲಿ. ಅರ್ಜಿ ಹಿಡಿದು ಬಂದವನು ಹೆಚ್ಚಾಗಿ ನೆಂಟನೇ ಆಗಿರುತ್ತಾನೆ. ಒಂದು ಲೋಟ ಕಷಾಯ ಕೊಟ್ಟು, ಬಂದ ಕಾರು ಯಾವುದೆಂದು ವಿಚಾರಿಸಿ, ಬೇಕಾದರೆ ಅಜ್ಜಿಯನ್ನು ಕರೆದು ಮಾತಾಡಿಸಲಿ.